ಹಳ್ಳದ ಬಂಡೆಯ ಜರಿ: ಒಂದು ಪುಟ್ಟ ಮಳೆಕಾಡು ಸಸ್ಯವನ್ನು ಬೇಸಿಗೆ ದಾಟಿಸಿದ ಪ್ರಕರಣ

ಆಗುಂಬೆಗೆ ಸಮೀಪದ ನಮ್ಮ ಅಡಿಕೆ ತೋಟದ ಮೇಲಂಚಿನಲ್ಲಿ ಒಂದು ಹಳ್ಳ ಹರಿಯುತ್ತದೆ. ಅದರ ಎಡದಂಡೆಯಲ್ಲಿ ಎರಡಾಳು ಎತ್ತರದ ಕರಿಬಂಡೆಯೊಂದಿದೆ. ಬಂಡೆಯ ಮುಖ ಈಶಾನ್ಯಕ್ಕಿರುವುದರಿಂದ ಬೆಳಗಿನ ಎಳೆಬಿಸಿಲು ಮಾತ್ರ ಅದರ ಮೇಲೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲನ್ನು ತಡೆಯುತ್ತಿದ್ದುದು ಹಿಂದೆ ನಿಂತಿದ್ದ ಹಳೆಯ ಗುಳಿಮಾವಿನ ಮರ. ಬಂಡೆಯ ಸೀಳುಗಳಲ್ಲಿ ವರ್ಷಪೂರ್ತಿ ನೀರು ಜಿನುಗುತ್ತಿತ್ತು, ಮೈತುಂಬ ಹಾವಸೆ ಬೆಳೆದಿತ್ತು, ಆ ಹಾವಸೆಯ ನಡುವೆ ಗೇಣುದ್ದ, ಹೆಚ್ಚೆಂದರೆ ಒಂದೂವರೆ ಗೇಣುದ್ದ ಗರಿಗಳ ಒಂದು ಜರೀಗಿಡ ಗುಂಪುಗುಂಪಾಗಿ ಹಬ್ಬಿಕೊಂಡಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ‘ಹಳ್ಳದ ಜರಿ’ ಎನ್ನುತ್ತಿದ್ದರು. ಹಬ್ಬಕ್ಕೆ ಹೂವಿನ ತಟ್ಟೆಯ ಅಂಚಿಗಿಡಲು ನಾಲ್ಕು ಗರಿ ಕಿತ್ತು ತರುವುದನ್ನು ಬಿಟ್ಟರೆ ಅದರ ಕಡೆಗೆ ಯಾರೂ ಹೆಚ್ಚು ಗಮನ ಕೊಟ್ಟಿರಲಿಲ್ಲ. ಆ ಗುಂಪು ಎರಡು ಬೇಸಿಗೆಗಳಲ್ಲಿ ಹೆಚ್ಚುಕಡಿಮೆ ಅಳಿದುಹೋದದ್ದು, ಅದನ್ನು ಉಳಿಸಿ ಮರಿ ಮಾಡಿಸಿ ಮತ್ತೆ ಅದೇ ಬಂಡೆಗೆ ಸೇರಿಸಲು ನಡೆಸಿದ ಐದು ವರ್ಷಗಳ ಪ್ರಯತ್ನ, ಅದರಲ್ಲಿ ಆದ ತಪ್ಪುಗಳು ಮತ್ತು ಅವುಗಳಿಂದ ತಿಳಿದ ಸಂಗತಿಗಳು ಈ ಪ್ರಕರಣದ ವಿಷಯ.

ಸಸ್ಯಶಾಸ್ತ್ರದಲ್ಲಿ ಈ ಜರಿಯ ಹೆಸರು ಬೋಲ್ಬಿಟಿಸ್ ಅಪೆಂಡಿಕ್ಯುಲೇಟಾ. ಹಳೆಯ ಗ್ರಂಥಗಳಲ್ಲಿ ಇದು ಎಜೆನೋಲ್ಫಿಯಾ ಎಂಬ ಕುಲದಲ್ಲಿತ್ತು; ಜಪಾನಿನ ಸಸ್ಯಶಾಸ್ತ್ರಜ್ಞ ಇವಾಟ್ಸುಕಿ 1959ರಲ್ಲಿ ಬೋಲ್ಬಿಟಿಸ್ ಕುಲಕ್ಕೆ ಸೇರಿಸಿದರು. ಪಶ್ಚಿಮ ಘಟ್ಟ, ಶ್ರೀಲಂಕಾ ಮತ್ತು ಅಲ್ಲಿಂದ ಪೂರ್ವಕ್ಕೆ ಆಗ್ನೇಯ ಏಷ್ಯಾದವರೆಗಿನ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ಹಳ್ಳಗಳ ಬದಿಯ ಕಲ್ಲುಗಳ ಮೇಲೆ ಇದು ಬೆಳೆಯುತ್ತದೆ. ಇದನ್ನು ಗುರುತಿಸಲು ಎರಡು ಲಕ್ಷಣಗಳು ಸಾಕು. ಮೊದಲನೆಯದು, ಇದರ ಗರಿಗಳು ಎರಡು ಬಗೆಯವು: ಅಗಲವಾದ ಕಿರುದಳಗಳ ಹಸಿರು ಗರಿ ಬಂಜೆಗರಿ, ಅದಕ್ಕಿಂತ ಉದ್ದನೆಯ ತೊಟ್ಟಿನ ಮೇಲೆ ನೆಟ್ಟಗೆ ನಿಲ್ಲುವ, ಕಿರಿದಾದ ದಳಗಳ ಇನ್ನೊಂದು ಗರಿ ಫಲಗರಿ. ಫಲಗರಿಯ ಬೆನ್ನನ್ನು ಬೀಜಾಣುಚೀಲಗಳು (ಜರಿಗೆ ಬೀಜದ ಬದಲಿರುವ ಧೂಳಿನಂಥ ಕಣಗಳ ಚೀಲಗಳು) ಎಲ್ಲೂ ಜಾಗ ಬಿಡದೆ ಕಂದು ಮಖಮಲ್ಲಿನಂತೆ ಮುಚ್ಚಿರುತ್ತವೆ. ಎರಡನೆಯದು, ಬಂಜೆಗರಿಯ ತುದಿಗೆ ಸಮೀಪ ನಡುನರದ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಗಂಟು ಇರುತ್ತದೆ. ಅದು ಮರಿಮೊಗ್ಗು. ಗರಿ ಬಾಗಿ ಅದು ಒದ್ದೆ ಹಾವಸೆಯನ್ನು ಮುಟ್ಟಿದರೆ ಅಲ್ಲಿಯೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಬೋಲ್ಬಿಟಿಸ್ ಎಂಬ ಹೆಸರು ಗೆಡ್ಡೆ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದಿದ್ದು, ಅದಕ್ಕೆ ಕಾರಣವಾದದ್ದು ಈ ಗಂಟೇ.

ಗುಳಿಮಾವು ಸತ್ತದ್ದು

ಗುಳಿಮಾವಿನ ತೊಗಟೆಯ ಪುಡಿ ನೀರು ತಾಗಿದರೆ ಅಂಟಾಗುತ್ತದೆ. ಊದುಬತ್ತಿಯ ಹಿಟ್ಟನ್ನು ಕಡ್ಡಿಗೆ ಅಂಟಿಸಲು ಅದನ್ನು ಬಳಸುತ್ತಾರೆ. ಆ ತೊಗಟೆಗೆ ಬೆಲೆ ಬಂದ ಮೇಲೆ ಮಲೆನಾಡಿನಲ್ಲಿ ಎಷ್ಟೋ ಗುಳಿಮಾವಿನ ಮರಗಳು ನಿಂತಲ್ಲೇ ಒಣಗಿದವು. ನಮ್ಮ ಮರದ ತೊಗಟೆಯನ್ನೂ ಯಾರೋ ಒಂದು ಬೇಸಿಗೆಯಲ್ಲಿ ಆಳೆತ್ತರದವರೆಗೆ ಸುತ್ತಲೂ ಸುಲಿದುಕೊಂಡು ಹೋದರು. ತೊಗಟೆಯ ಸುತ್ತು ಪೂರ್ತಿ ಕಡಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಮರ ತಕ್ಷಣ ಸಾಯದೆ, ಬೇರಿನಲ್ಲಿ ಉಳಿದ ದಾಸ್ತಾನು ಮುಗಿಯುವವರೆಗೆ ಕ್ಷೀಣಿಸುತ್ತಾ ನಿಲ್ಲುತ್ತದೆ. ಮೊದಲ ವರ್ಷ ಚಿಗುರು ಕಡಿಮೆಯಾಯಿತು, ಮರುವರ್ಷ ಎಲೆ ಉದುರಿತು, ಮೂರನೆಯ ಮಳೆಗಾಲದ ಗಾಳಿಗೆ ಮರ ಉರುಳಿತು.

ಜರಿಯ ಗುಂಪು ಕುಗ್ಗಿದ್ದು ಮರ ಉರುಳಿದ ಮೇಲಲ್ಲ. ಅದರ ಎಲೆ ತೆಳುವಾದ ಎರಡು ಬೇಸಿಗೆಗಳಲ್ಲಿ. ಇದನ್ನು ನಾನು ಆಗ ಗಮನಿಸಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ. ಕೂಸಿನ ನಾಮಕರಣಕ್ಕೆ ಬಂದ ನೆಂಟರು ಬಂಡೆಯ ಮುಂದೆ ನಿಂತು ತೆಗೆಸಿಕೊಂಡಿದ್ದ ಹಳೆಯ ಛಾಯಾಚಿತ್ರದಲ್ಲಿ ಎಣಿಸಿದರೆ ನಲವತ್ತಕ್ಕೂ ಹೆಚ್ಚು ಗುಂಪುಗಳು ಕಾಣುತ್ತವೆ. ಮರ ಬಿದ್ದ ವರ್ಷ ನಾನು ಏಣಿ ಇಟ್ಟು ಎಣಿಸಿದಾಗ ಒಂಬತ್ತು ಉಳಿದಿದ್ದವು, ಅವೂ ಬಂಡೆಯ ಬುಡದಲ್ಲಿ, ಹಳ್ಳದ ನೀರಿಗೆ ಸಮೀಪವಾಗಿ. ಮೇಲಿನ ಭಾಗದ ಹಾವಸೆ ಒಣಗಿ, ಹಳೆಯ ಕಂಬಳಿಯಂತೆ ಕಳಚಿ ನೇತಾಡುತ್ತಿತ್ತು.

ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ ಎಂದು ಕೇಳಿದವರಿಗೆ ಇಲ್ಲಿ ಒಂದು ಜರಿ ಒಣಗಿ ಸಾಯುವುದು ವಿಚಿತ್ರವಾಗಿ ಕಾಣಬಹುದು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಬಿದ್ದು ಮುಗಿಯುತ್ತದೆ; ಡಿಸೆಂಬರ್‌ನಿಂದ ಏಪ್ರಿಲ್‌ ತನಕ ಸಿಗುವುದು ಬಹುಮಟ್ಟಿಗೆ ಇಬ್ಬನಿ, ಕೊನೆಯಲ್ಲಿ ಎಲ್ಲೋ ಒಂದೆರಡು ಅಡ್ಡಮಳೆ. ಮಳೆಕಾಡಿನ ಸಣ್ಣ ಜರಿಗಳು ಆ ಐದು ತಿಂಗಳನ್ನು ಮಳೆಯಿಂದ ದಾಟುವುದಿಲ್ಲ. ಮರದ ನೆರಳು, ಕಲ್ಲಿನ ತಂಪು, ಹಾವಸೆ ಹಿಡಿದಿಟ್ಟ ತೇವ, ಹಳ್ಳದ ಮೇಲೆ ನಿಂತ ಹಬೆಗಾಳಿ, ಈ ನಾಲ್ಕೂ ಸೇರಿ ಅವನ್ನು ದಾಟಿಸುತ್ತವೆ. ನಮ್ಮ ಬಂಡೆಯಲ್ಲಿ ಮೊದಲನೆಯದು ಹೋಯಿತು. ಅದರ ಹಿಂದೆಯೇ ಉಳಿದ ಮೂರೂ ಸಡಿಲವಾದವು. ಈ ಕಾರಣಸರಣಿ ನನಗೆ ಸ್ಪಷ್ಟವಾದದ್ದು ಮಾತ್ರ ಬಹಳ ತಡವಾಗಿ. ಆರಂಭದಲ್ಲಿ ನಾನು ಇದನ್ನು ಗಿಡದ ಕೊರತೆ ಎಂದು ತಿಳಿದು, ಗಿಡ ಹೆಚ್ಚಿಸಿದರೆ ಸಾಕು ಎಂದು ಹೊರಟೆ.

ಬುಡ ಒಡೆದು ನೆಟ್ಟದ್ದು

ಮೃಗಶಿರ ಮಳೆ ಹಿಡಿದ ಮೇಲೆ, ಕಳಚಿದ ಹಾವಸೆಯೊಂದಿಗೆ ಕೆಳಗೆ ಬಿದ್ದಿದ್ದ ಒಂದು ಬುಡವನ್ನು ಮನೆಗೆ ತಂದೆ. ನೆಟ್ಟ ಗಿಡಗಳೆಲ್ಲ ನಮ್ಮ ಜಮೀನಿನದೇ ಬಂಡೆಯವು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಕಾಡಿನ ಬಂಡೆಯಿಂದ ಎಬ್ಬಿಸಿ ತಂದ ಬಲಿತ ಜರಿ ಬದುಕುವುದು ಅಪರೂಪ.

ಬುಡವನ್ನು ಮೂರು ತುಂಡು ಮಾಡಿ, ಒಂದೊಂದಕ್ಕೂ ಎರಡು ಗರಿ ಮತ್ತು ಒಂದು ಬೆಳೆಯುವ ತುದಿ ಇರುವಂತೆ ನೋಡಿ, ತೋಟದ ಮಣ್ಣು ಮತ್ತು ಹಳೆಯ ಗೊಬ್ಬರ ಬೆರೆಸಿದ ಕುಂಡಗಳಲ್ಲಿ ನೆಟ್ಟೆ. ಗುಲಾಬಿಗೆ, ಸೇವಂತಿಗೆಗೆ ಮಾಡುವಂತೆ ಬುಡ ಮುಚ್ಚಿ ಮಣ್ಣು ಒತ್ತಿದೆ. ಆರಿದ್ರಾ ಮಳೆಯ ಹೊತ್ತಿಗೆ ಎರಡು ತುಂಡುಗಳು ಕೊಳೆತು ಕಪ್ಪಾದವು. ಬೆಂಗಳೂರಿನಲ್ಲಿ ಅಕ್ವೇರಿಯಂ ಇಟ್ಟುಕೊಂಡಿರುವ ನನ್ನ ಸೋದರಳಿಯ ರಜೆಗೆ ಬಂದವನು ಮೂರನೆಯ ಕುಂಡವನ್ನು ನೋಡಿದ ಕೂಡಲೇ ಬುಡವನ್ನು ಮೇಲೆತ್ತಿಸಿದ. ಅವನ ಗಾಜಿನ ತೊಟ್ಟಿಯಲ್ಲಿರುವುದು ಇದೇ ಕುಲದ ಆಫ್ರಿಕಾದ ಜರಿ, ಬೋಲ್ಬಿಟಿಸ್ ಹ್ಯೂಡೆಲೋಟಿ. ಅದನ್ನು ನೀರಿನೊಳಗೆ ಬೆಳೆಸುವವರು ಮೊದಲು ಕಲಿಯುವ ಪಾಠವೇ ಗುಪ್ತಕಾಂಡವನ್ನು, ಅಂದರೆ ಬೇರು ಗರಿ ಎರಡೂ ಹೊರಡುವ ಅಡ್ಡಕಾಂಡವನ್ನು, ಮರಳಿನಲ್ಲಿ ಹೂಳದೆ ಕಲ್ಲಿಗೋ ಕೊರಡಿಗೋ ದಾರದಿಂದ ಕಟ್ಟುವುದು ಎಂದು ಅವನು ಹೇಳಿದ. ನಮ್ಮ ಜರಿಗೂ ಅದೇ ನ್ಯಾಯ. ಇದರ ಗುಪ್ತಕಾಂಡ ಕಲ್ಲಿನ ಮೇಲೆ ಹರಿದು ಗಾಳಿ ಕುಡಿಯುವಂಥದ್ದು. ಬೇರು ಮಾತ್ರ ತೇವ ಹುಡುಕಿಕೊಂಡು ಹೋಗುತ್ತದೆ. ಮೂರನೆಯ ತುಂಡನ್ನು ಜಂಬಿಟ್ಟಿಗೆಯ ಚೂರೊಂದಕ್ಕೆ ಬಾಳೆನಾರಿನಿಂದ ಕಟ್ಟಿದೆವು. ಬೇರು ಕಚ್ಚುವ ಹೊತ್ತಿಗೆ ಬಾಳೆನಾರು ತಾನೇ ಕೊಳೆತು ಉದುರುವುದರಿಂದ ಮತ್ತೆ ಬಿಚ್ಚುವ ಕೆಲಸವಿರುವುದಿಲ್ಲ. ಆ ತುಂಡು ಇವತ್ತಿಗೂ ಇದೆ.

ಅಂದಿನಿಂದ ಕುಂಡದ ಮಿಶ್ರಣವನ್ನೂ ಬದಲಿಸಿದೆ: ಕಡಲೆಕಾಳಿನ ಗಾತ್ರದ ಜಂಬಿಟ್ಟಿಗೆ ಚೂರು ಎರಡು ಪಾಲು, ಜರಡಿ ಹಿಡಿದ ದರಗಿನ (ಉದುರಿದ ಒಣಎಲೆಯ) ಗೊಬ್ಬರ ಒಂದು ಪಾಲು, ಇದ್ದಿಲಿನ ಚೂರು ಅರ್ಧ ಪಾಲು. ಸಗಣಿ ಗೊಬ್ಬರ ಇಲ್ಲ. ನೀರು ಹಳ್ಳದ್ದು ಅಥವಾ ಹಿಡಿದಿಟ್ಟ ಮಳೆಯದು. ಕೊಳವೆಬಾವಿಯ ಗಡಸು ನೀರು ಒಂದು ತಿಂಗಳಲ್ಲಿ ಗರಿಗಳ ಅಂಚನ್ನು ಕಂದಿಸಿ, ಜಂಬಿಟ್ಟಿಗೆಯ ಮೇಲೆ ಬಿಳಿ ಪೊರೆ ಕಟ್ಟಿಸಿತು.

ಮರಿಮೊಗ್ಗು

ಬುಡ ಒಡೆಯುವುದು, ಮರಿಮೊಗ್ಗು, ಬೀಜಾಣು, ಗಿಡ ಹೆಚ್ಚಿಸುವ ಈ ಮೂರು ದಾರಿಗಳಲ್ಲಿ ಸುಲಭವಾದದ್ದು ಮರಿಮೊಗ್ಗಿನದು. ಪುಷ್ಯ ಮಳೆಯಲ್ಲಿ ಬಂಡೆಯ ಬುಡದ ಒಂಬತ್ತು ಗುಂಪುಗಳಿಂದ ಹದಿನಾಲ್ಕು ಗರಿಗಳ ತುದಿಗಳನ್ನು, ಗಿಡದಿಂದ ಕತ್ತರಿಸದೆ, ಪಕ್ಕದಲ್ಲಿ ಇಟ್ಟ ಹಾವಸೆ ತುಂಬಿದ ಅಡಿಕೆ ಹಾಳೆಯ ದೊನ್ನೆಗಳಿಗೆ ಬಾಗಿಸಿ, ತೆಂಗಿನಗರಿಯ ಕಡ್ಡಿಯನ್ನು ಮಡಚಿ ಚುಚ್ಚಿ ಕೂರಿಸಿದೆ. ಮರಿಮೊಗ್ಗು ಹಾವಸೆಗೆ ತಾಗಿರಬೇಕು, ಅದರೊಳಗೆ ಹುದುಗಬಾರದು. ಐದು ವಾರದಲ್ಲಿ ಹನ್ನೊಂದಕ್ಕೆ ಬೇರು ಬಂದಿತ್ತು. ಪ್ರತಿ ಮರಿಗೂ ತನ್ನದೇ ಎರಡು ಗರಿ ಬಿಚ್ಚುವವರೆಗೆ ತಾಯಿಗರಿಯನ್ನು ಕತ್ತರಿಸಲಿಲ್ಲ. ಆತುರಪಟ್ಟು ಮೊದಲೇ ಕತ್ತರಿಸಿದ ಒಂದು ಮರಿ ಮೂರು ತಿಂಗಳು ಇದ್ದಂತೆಯೇ ನಿಂತಿತ್ತು.

ಇಷ್ಟು ಸುಲಭವಿರುವಾಗ ಬೀಜಾಣುವಿನ ಗೋಜಿಗೆ ಏಕೆ ಹೋಗಬೇಕು ಎಂದು ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಮರಿಮೊಗ್ಗಿನಿಂದ ಬಂದ ಗಿಡ ತಾಯಿಯ ಪಡಿಯಚ್ಚು. ಈ ಜರಿ ಬಂಡೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಹರಡುವುದೇ ಹೀಗೆ ಆದ್ದರಿಂದ, ಹಳೆಯ ಛಾಯಾಚಿತ್ರದ ನಲವತ್ತು ಗುಂಪುಗಳು ನಿಜವಾಗಿ ಮೂರು ನಾಲ್ಕೇ ಗಿಡಗಳ ವಿಸ್ತಾರವಾಗಿದ್ದಿರಬಹುದು, ಉಳಿದ ಒಂಬತ್ತು ಬರೀ ಒಂದೇ ಗಿಡದವೂ ಆಗಿರಬಹುದು. ಒಂದೇ ಗಿಡದ ಪಡಿಯಚ್ಚುಗಳಿಂದ ತುಂಬಿದ ಬಂಡೆಗೆ ಒಂದು ರೋಗ ಬಂದರೆ ಎಲ್ಲಕ್ಕೂ ಬಂದಂತೆ. ಬಂಡೆಯ ಎರಡು ತುದಿಗಳಲ್ಲಿದ್ದ ಎರಡು ಗುಂಪುಗಳ ಬೀಜಾಣುಗಳನ್ನು ಬೆರೆಸಿ ಬಿತ್ತಬೇಕೆಂದು ನಾನು ಹಟ ಹಿಡಿದದ್ದು ಇದಕ್ಕಾಗಿ.

ಬೀಜಾಣು

ಜರಿಯ ಬೆನ್ನಿನ ಕಂದು ಧೂಳನ್ನು ಬಿತ್ತಿ ಗಿಡ ಎಬ್ಬಿಸಬಹುದೆಂದು ತೋರಿಸಿ ಬರೆದವರಲ್ಲಿ ಮೊದಲಿಗರು ಜಮೈಕಾದಲ್ಲಿದ್ದ ಶಸ್ತ್ರವೈದ್ಯ ಜಾನ್ ಲಿಂಡ್ಸೆ. ಅವರ ಬರಹ ಪ್ರಕಟವಾದದ್ದು 1794ರಲ್ಲಿ. ಆ ಧೂಳಿನಿಂದ ನೇರವಾಗಿ ಜರಿ ಹುಟ್ಟುವುದಿಲ್ಲ, ನಡುವೆ ಇನ್ನೊಂದು ಪುಟ್ಟ ಜೀವನವೇ ಇದೆ ಎಂಬ ಸಂಗತಿ ಪೂರ್ತಿ ಬಿಡಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಈ ನಡುವಿನ ಜೀವನವನ್ನು ಅರ್ಥಮಾಡಿಕೊಳ್ಳದೆ ಬೀಜಾಣು ಬಿತ್ತಿದವರು ಹಸಿರು ಪೊರೆ ಕಂಡು ಪಾಚಿ ಎಂದು ಎಸೆದುಬಿಡುತ್ತಾರೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಬಂಡೆಯಲ್ಲಿ ಫಲಗರಿಗಳು ಮಳೆ ಹಿಂದೆಗೆದ ಮೇಲೆ ಏಳುತ್ತವೆ. ಸ್ವಾತಿ ಮಳೆಯ ಹೊತ್ತಿಗೆ ಬೆನ್ನು ಹಸಿರಾಗಿದ್ದದ್ದು ಡಿಸೆಂಬರ್‌ ಮೊದಲ ವಾರದಲ್ಲಿ ಗಾಢ ಕಂದಾಯಿತು. ಬೆರಳಿಂದ ಸವರಿದರೆ ಧೂಳು ಅಂಟುವ ಹದದಲ್ಲಿ, ಎರಡು ಗುಂಪುಗಳಿಂದ ಒಂದೊಂದೇ ಫಲಗರಿ ಕತ್ತರಿಸಿ, ನುಣುಪಾದ ಬಿಳಿ ಹಾಳೆಯ ಮಡಿಕೆಯಲ್ಲಿಟ್ಟು ಗಾಳಿಯಾಡದ ಕೋಣೆಯ ಕಪಾಟಿನಲ್ಲಿ ಮೂರು ದಿನ ಬಿಟ್ಟೆ. ಬಿಚ್ಚಿದಾಗ ಹಾಳೆಯ ಮೇಲೆ ಗರಿಯ ಆಕಾರದಲ್ಲೇ ಧೂಳು ಬಿದ್ದಿತ್ತು. ಅದರಲ್ಲಿ ಬೀಜಾಣುವಿಗಿಂತ ಒಡೆದ ಚೀಲದ ಹೊಟ್ಟೇ ಹೆಚ್ಚು. ಹಾಳೆಯನ್ನು ಓರೆ ಮಾಡಿ ಮೆಲ್ಲನೆ ತಟ್ಟಿದರೆ ಹೊಟ್ಟು ಜಾರಿ ಹೋಗುತ್ತದೆ, ಬೀಜಾಣು ಹಾಳೆಗೆ ಅಂಟಿಕೊಂಡು ಉಳಿಯುತ್ತದೆ. ಈ ಬೇರ್ಪಡಿಕೆ ಮುಖ್ಯ, ಏಕೆಂದರೆ ಬೂಷ್ಟು ಹಿಡಿಯುವುದು ಹೊಟ್ಟಿನಿಂದ.

ಬಿತ್ತನೆಗೆ ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳನ್ನು ಬಳಸಿದೆ. ನುಣ್ಣಗೆ ಜರಡಿ ಹಿಡಿದ ದರಗಿನ ಗೊಬ್ಬರ ಮತ್ತು ಜಂಬಿಟ್ಟಿಗೆ ಪುಡಿಯನ್ನು ಒದ್ದೆ ಮಾಡಿ, ಬಟ್ಟೆ ಕಟ್ಟಿದ ಪಾತ್ರೆಯಲ್ಲಿ ತುಂಬಿ, ಇಡ್ಲಿ ಬೇಯಿಸುವಂತೆ ಅಲ್ಲ, ತೂಕ ಹಾಕಿದ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದೆ. ಇದನ್ನು ಬಿಟ್ಟು ಬಿಸಿನೀರು ಸುರಿದು ಮುಗಿಸಿದ ಒಂದು ಡಬ್ಬಿಯಲ್ಲಿ ಜರಿಗಿಂತ ಮೊದಲು ಹಾವಸೆಯ ಮೊಳಕೆ ಎದ್ದು ಎಲ್ಲವನ್ನೂ ಮುಚ್ಚಿತು. ಹಾವಸೆ ಬಂಡೆಯ ಮೇಲೆ ಈ ಜರಿಯ ತಾಯಿಯಿದ್ದಂತೆ, ಡಬ್ಬಿಯೊಳಗೆ ಮಾತ್ರ ಅದೇ ಶತ್ರು. ಮಣ್ಣು ಆರಿದ ಮೇಲೆ ಡಬ್ಬಿಗೆ ತುಂಬಿ, ಹಾಳೆಯನ್ನು ಒಂದು ಮೊಳ ಎತ್ತರದಿಂದ ಒಮ್ಮೆ ತಟ್ಟಿ ಮುಚ್ಚಳ ಹಾಕಿ, ಉತ್ತರದ ಕಿಟಕಿಯ ಒಳಗೆ ನೇರ ಬಿಸಿಲು ತಾಗದಂತೆ ಇಟ್ಟೆ. ಬೀಜಾಣುವಿನ ಮೇಲೆ ಮಣ್ಣು ಮುಚ್ಚಬಾರದು. ಮೊಳೆಯಲು ಅದಕ್ಕೆ ಬೆಳಕು ಬೇಕು.

ಮೂರನೆಯ ವಾರದಲ್ಲಿ ಮಣ್ಣಿನ ಮೇಲೆ ಹಸಿರು ಛಾಯೆ ಕಂಡಿತು. ಎರಡೂವರೆ ತಿಂಗಳಲ್ಲಿ ಅದು ಭೂತಗನ್ನಡಿಯಿಲ್ಲದೆಯೂ ಕಾಣುವ ಸಣ್ಣ ಸಣ್ಣ ಹೃದಯಾಕಾರದ ಬಿಲ್ಲೆಗಳಾಯಿತು. ಇವೇ ಪ್ರೋಥ್ಯಾಲಸ್‌ಗಳು. ಒಂದೊಂದೂ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ನಡುವಿನ ದಿಂಡನ್ನು ಬಿಟ್ಟರೆ ಒಂದೇ ಜೀವಕೋಶದಷ್ಟು ತೆಳು. ಬೇರಿಲ್ಲ, ನರವಿಲ್ಲ, ಮೈಯಲ್ಲಿ ನೀರು ಉಳಿಸಿಕೊಳ್ಳುವ ಯಾವ ಏರ್ಪಾಡೂ ಇಲ್ಲ. ಗಂಡು ಹೆಣ್ಣಿನ ಅಂಗಗಳಿರುವುದು ಇವುಗಳ ಅಡಿಮೈಯಲ್ಲಿ. ಗಂಡಾಣು ನೀರಿನಲ್ಲಿ ಈಜಿಯೇ ಅಂಡವನ್ನು ಸೇರಬೇಕು. ನೀರಿನ ತೆಳುಪೊರೆ ಇಲ್ಲದಿದ್ದರೆ ಬಿಲ್ಲೆಗಳು ವರ್ಷಗಟ್ಟಲೆ ಬಿಲ್ಲೆಗಳಾಗಿಯೇ ಉಳಿಯುತ್ತವೆ. ನನ್ನ ಮೊದಲ ಡಬ್ಬಿಯಲ್ಲಿ ಆದದ್ದು ಅದೇ. ಬೂಷ್ಟಿನ ಭಯದಿಂದ ನೀರು ಚಿಮುಕಿಸದೆ ಇಟ್ಟಿದ್ದೆ. ಏಪ್ರಿಲ್‌ನಿಂದ ವಾರಕ್ಕೆರಡು ಬಾರಿ ಕುದಿಸಿ ಆರಿಸಿದ ಮಳೆನೀರನ್ನು ಮಂಜಿನಂತೆ ಸಿಂಪಡಿಸಿ, ಬಿಲ್ಲೆಗಳ ಮೇಲೆ ಒಂದೆರಡು ಗಂಟೆ ನೀರು ನಿಲ್ಲುವಂತೆ ನೋಡಿಕೊಂಡ ಮೇಲೆ, ಆರು ವಾರದಲ್ಲಿ ಮೊದಲ ಸಸಿ ತಲೆಯೆತ್ತಿತು.

ಇನ್ನೊಂದು ತಪ್ಪು ದಟ್ಟವಾಗಿ ಬಿತ್ತಿದ್ದು. ಒತ್ತೊತ್ತಾಗಿ ಬೆಳೆದ ಬಿಲ್ಲೆಗಳು ಹೃದಯಾಕಾರಕ್ಕೆ ಬಾರದೆ ನೀಳವಾಗಿ ಉಳಿದು ಗಂಡು ಅಂಗಗಳನ್ನು ಮಾತ್ರ ಬಿಡುತ್ತವೆ. ಆ ಡಬ್ಬಿಯಿಂದ ಕಾಳಿನ ಗಾತ್ರದ ತೇಪೆಗಳನ್ನು ಚಿಮಟದಿಂದ ಎತ್ತಿ ಹೊಸ ಡಬ್ಬಿಯಲ್ಲಿ ಬೆರಳಗಲ ಬಿಟ್ಟು ಕೂರಿಸಿದಾಗ ಅಂಚಿನಲ್ಲಿದ್ದ ಬಿಲ್ಲೆಗಳು ಅಗಲವಾಗಿ ಸಸಿ ಕೊಟ್ಟವು. ಸಸಿಯ ಮೊದಲ ಗರಿಗಳಿಗೂ ದೊಡ್ಡ ಗಿಡಕ್ಕೂ ಹೋಲಿಕೆಯೇ ಇಲ್ಲ. ಬರೀ ಸೀಳಿದ ಬೀಸಣಿಗೆಯಂಥ ಒಂಟಿ ಎಲೆ. ನಾಲ್ಕನೆಯ ಐದನೆಯ ಗರಿಯಲ್ಲಿ ದಳ ಒಡೆಯತೊಡಗಿದಾಗ ಮಾತ್ರ ಇದು ನಮ್ಮದೇ ಜರಿ ಎಂಬ ನೆಮ್ಮದಿ ಬಂತು. ಮೂರು ಡಬ್ಬಿಗಳಿಂದ ಒಟ್ಟು ಅರವತ್ತರಷ್ಟು ಸಸಿಗಳಾದವು.

ಮೈಲುತುತ್ತ

ಆ ಅರವತ್ತರಲ್ಲಿ ನಲವತ್ತನ್ನು ಎರಡನೆಯ ವರ್ಷದ ಜೂನ್‌ನಲ್ಲಿ ಹೊರಗೆ ತೆಗೆದೆ. ಮಳೆಗಾಲದ ಗಾಳಿಯ ತೇವ ಅವಕ್ಕೆ ಹಿತವಾಗುತ್ತದೆ ಎಂಬ ಲೆಕ್ಕ ತಪ್ಪಲ್ಲ. ಆದರೆ ತಟ್ಟೆಗಳನ್ನು ಇಟ್ಟದ್ದು ಅಂಗಳದ ಕೆಳಗಿನ ಮೊದಲ ಸಾಲು ಅಡಿಕೆ ಮರಗಳ ನೆರಳಿನಲ್ಲಿ. ಮಲೆನಾಡಿನಲ್ಲಿ ಮುಂಗಾರಿನ ಹೊಸ್ತಿಲಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗೊನೆಗೆ ಹೊಡೆದದ್ದರಲ್ಲಿ ಒಂದು ಪಾಲು ನೆಲಕ್ಕೆ ಬಿದ್ದೇ ಬೀಳುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಶಿಲೀಂಧ್ರವನ್ನು ಕೊಲ್ಲುವಂತೆಯೇ ಪಾಚಿ, ಹಾವಸೆ ಮತ್ತು ಎಳೆಯ ಜರಿಯನ್ನೂ ಕೊಲ್ಲುತ್ತದೆ. ಇವೆಲ್ಲ ಮೈಯಿಂದಲೇ ನೀರು ಹೀರುವ ಜೀವಗಳು, ನೀರಿನೊಂದಿಗೆ ಬಂದದ್ದನ್ನು ತಡೆಯುವ ಗಟ್ಟಿ ಪೊರೆ ಅವಕ್ಕಿಲ್ಲ. ಔಷಧಿ ಹೊಡೆದ ನಾಲ್ಕನೆಯ ದಿನ ತಟ್ಟೆಯ ಹಾವಸೆ ಕಂದಾಯಿತು, ಹತ್ತನೆಯ ದಿನಕ್ಕೆ ಸಸಿಗಳ ಗರಿಗಳಲ್ಲಿ ಕಪ್ಪು ಚುಕ್ಕೆ ಬಂದವು, ಆಷಾಢ ಕಳೆಯುವ ಹೊತ್ತಿಗೆ ನಲವತ್ತರಲ್ಲಿ ಆರು ಉಳಿದವು. ಔಷಧಿ ಹೊಡೆಸಿದವನು ನಾನೇ, ತಟ್ಟೆ ಇಟ್ಟವನೂ ನಾನೇ. ಕಣ್ಣೆದುರಿಗೇ ಇದ್ದದ್ದು ಹೊಳೆಯಲಿಲ್ಲವಲ್ಲ ಎಂಬ ಸಂಕಟ ಬಹಳ ದಿನ ಇತ್ತು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ನೆಥಾನಿಯಲ್ ವಾರ್ಡ್ ಎಂಬ ವೈದ್ಯರ ಹಿತ್ತಲಿನ ಜರಿಗಳು ಕಲ್ಲಿದ್ದಲ ಹೊಗೆಗೆ ಸಾಯುತ್ತಿದ್ದವು. 1829ರಲ್ಲಿ ಅವರು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಮುಚ್ಚಿದ ಗಾಜಿನ ಸೀಸೆಯಲ್ಲಿ ಇಟ್ಟಾಗ ಅದರೊಳಗೆ ತಾನಾಗಿ ಹುಟ್ಟಿದ ಜರಿಯೊಂದು ಯಾರ ಆರೈಕೆಯೂ ಇಲ್ಲದೆ ವರ್ಷಗಳ ಕಾಲ ಬದುಕಿತು. ಸಸ್ಯಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಗಿಸುವ, ಬೆಳೆಸುವ ಪದ್ಧತಿ ಅಲ್ಲಿಂದ ಹಬ್ಬಿತು. ಕಿಟಕಿಯ ಒಳಗೆ ಮುಚ್ಚಿದ ಡಬ್ಬಿಯಲ್ಲೇ ಬಿಟ್ಟಿದ್ದ ನನ್ನ ಉಳಿದ ಇಪ್ಪತ್ತು ಸಸಿಗಳು ಉಳಿದದ್ದೂ ಅದೇ ಕಾರಣಕ್ಕೆ: ಅವು ಹೊರಗಿನ ಗಾಳಿಯನ್ನು ಮುಟ್ಟಿರಲಿಲ್ಲ.

ಬಾವಿ

ಮರಿಮೊಗ್ಗಿನಿಂದ ಬಂದ ಹನ್ನೊಂದು ಗಿಡಗಳಲ್ಲಿ ಮೊದಲ ಬೇಸಿಗೆ ದಾಟಿದವು ನಾಲ್ಕೇ. ಅವುಗಳಿಗೆ ದಿನಕ್ಕೆ ಎರಡು ಹೊತ್ತು ನೀರು ಬಿದ್ದಿತ್ತು, ಮೇಲೆ ಶೇಡ್ ನೆಟ್ ಇತ್ತು. ಬುಡ ಒದ್ದೆಯಾಗಿಯೇ ಇದ್ದರೂ ಗರಿಗಳು ಮಾರ್ಚ್‌ ಕೊನೆಯಲ್ಲಿ ಸುರುಟಿ ಗರಿಗರಿಯಾದವು. ಇನ್ನಷ್ಟು ನೀರು ಹಾಕಿದ್ದರಿಂದ ಆದದ್ದು ಬೇರು ಕೊಳೆತದ್ದು ಮಾತ್ರ. ಒಣಗುತ್ತಿದ್ದದ್ದು ಮಣ್ಣಲ್ಲ, ಗಾಳಿ.

ಎರಡನೆಯ ಬೇಸಿಗೆಯ ಹೊತ್ತಿಗೆ ಉತ್ತರ ಸಿಕ್ಕಿದ್ದು ನೀರು ಸೇದುವಾಗ. ನಮ್ಮ ಜಂಬಿಟ್ಟಿಗೆ ಬಾವಿಯ ಒಳಗೋಡೆ ಏಪ್ರಿಲ್‌ನಲ್ಲೂ ಹಸಿರಾಗಿರುತ್ತದೆ; ಯಾರೂ ನೆಡದ ಹಂಸಪಾದಿ ಮತ್ತು ಬೇರೆ ಜರಿಗಳು ಅಲ್ಲಿ ಜೋತಾಡುತ್ತವೆ. ಐವತ್ತು ವರ್ಷದಿಂದ ಬಗ್ಗಿ ನೋಡುತ್ತಿರುವ ಬಾವಿ. ಮಲೆನಾಡಿನ, ಕರಾವಳಿಯ ಬಹುತೇಕ ಕಲ್ಲುಬಾವಿಗಳಲ್ಲಿ ಕಾಣುವ ಈ ದೃಶ್ಯವನ್ನು ನಾನು ಜರಿ ಬೆಳೆಸುವ ಕೆಲಸಕ್ಕೆ ಜೋಡಿಸಿ ಯೋಚಿಸಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಮೂರು ಗಂಟೆಗೆ ಉಷ್ಣಮಾಪಕವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆ. ಅಂಗಳದಲ್ಲಿ 34 ಡಿಗ್ರಿ ಇದ್ದದ್ದು ಕಟ್ಟೆಯಿಂದ ಎಂಟು ಅಡಿ ಕೆಳಗೆ 26ಕ್ಕೆ ಇಳಿದಿತ್ತು. ತಂಪಾದ ಗಾಳಿ ತೂಕದ್ದಾಗಿರುವುದರಿಂದ ಬಾವಿಯೊಳಗೇ ಕೂರುತ್ತದೆ, ಕೆಳಗಿನ ನೀರಿನ ಹಬೆ ಅದರಲ್ಲಿ ತುಂಬಿರುತ್ತದೆ, ಬೆಳಕು ಬಾಯಿಯಿಂದ ಚದುರಿ ಇಳಿಯುತ್ತದೆ, ನೇರ ಬಿಸಿಲು ನಡುಹಗಲಿನ ಅಲ್ಪ ಹೊತ್ತು ಗೋಡೆಯ ಒಂದು ಪಕ್ಕವನ್ನು ಸವರಿ ಹೋಗುತ್ತದೆ. ಗುಳಿಮಾವಿದ್ದಾಗಿನ ಬಂಡೆ ಇದ್ದದ್ದು ಹೀಗೆಯೇ.

ಬಿದಿರಿನ ಬುಟ್ಟಿಗಳಿಗೆ ಹಾವಸೆ ಹಾಸಿ, ಜಂಬಿಟ್ಟಿಗೆ ಚೂರಿಗೆ ಕಟ್ಟಿದ ಗಿಡಗಳನ್ನು ಇಟ್ಟು, ಬಿಸಿಲು ಮುಟ್ಟದ ದಕ್ಷಿಣದ ಗೋಡೆಗೆ ಒತ್ತಿದಂತೆ ಏಳೆಂಟು ಅಡಿ ಆಳಕ್ಕೆ ಇಳಿಬಿಟ್ಟೆ. ಕುಡಿಯುವ ನೀರಿನ ಬಾವಿಯಾದ್ದರಿಂದ ಮಣ್ಣು, ಗೊಬ್ಬರ ಯಾವುದನ್ನೂ ಬಳಸಲಿಲ್ಲ. ಬುಟ್ಟಿಯ ಅಡಿಗೆ ದಟ್ಟ ಬಟ್ಟೆ ಕಟ್ಟಿದೆ. ಶಿವರಾತ್ರಿಯಿಂದ ರೋಹಿಣಿ ಮಳೆಯವರೆಗೆ ಮೂರು ತಿಂಗಳು ಅವು ಅಲ್ಲಿದ್ದವು. ವಾರಕ್ಕೊಮ್ಮೆ ಮೇಲೆತ್ತಿ ಬಸವನಹುಳು ಹುಡುಕುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನೀರು ಚಿಮುಕಿಸಿದ್ದು ನಾಲ್ಕೈದು ಬಾರಿ ಇರಬಹುದು. ಮರಿಮೊಗ್ಗಿನ ಗಿಡಗಳು, ಬುಡ ಒಡೆದದ್ದರಲ್ಲಿ ಉಳಿದ ಆ ಒಂದು ತುಂಡು, ಡಬ್ಬಿಯಿಂದ ತೆಗೆದ ಸಸಿಗಳು ಮತ್ತು ಬೋರ್ಡೋ ಹೊಡೆತ ತಿಂದು ಉಳಿದವು ಸೇರಿ ಮೂವತ್ತೊಂದು ಇಳಿದಿದ್ದವು, ಇಪ್ಪತ್ತೆಂಟು ಮೇಲೆ ಬಂದವು.

ಮತ್ತೆ ಬಂಡೆಗೆ

ಗಿಡ ಕೈಯಲ್ಲಿದ್ದರೂ ಬಂಡೆ ಸಿದ್ಧವಿರಲಿಲ್ಲ. ನೆರಳಿಗೆಂದು ಮರ ಬಿದ್ದ ವರ್ಷವೇ ಬೇಗ ಬೆಳೆಯುವ ಗ್ಲಿರಿಸಿಡಿಯಾ ಗೂಟಗಳನ್ನು ನೆಟ್ಟಿದ್ದೆ. ಅವು ಸೊಗಸಾಗಿ ಬೆಳೆದವು, ಮಳೆಗಾಲದಲ್ಲಿ ಬಂಡೆಯ ಮೇಲೆ ಕತ್ತಲೆಯಂಥ ನೆರಳು ಕೊಟ್ಟವು. ಜನವರಿ ಕಳೆಯುತ್ತಲೇ ಎಲೆಯೆಲ್ಲ ಉದುರಿಸಿ ಬರಿಮೈಯಲ್ಲಿ ಹೂಬಿಟ್ಟು ನಿಂತವು. ನೆರಳು ಬೇಡದ ನಾಲ್ಕು ತಿಂಗಳು ನೆರಳು, ಬೇಕಾದ ನಾಲ್ಕು ತಿಂಗಳು ಬಿಸಿಲು. ಅವನ್ನು ಕಡಿದು ತೋಟಕ್ಕೆ ಹಸಿರುಗೊಬ್ಬರ ಮಾಡಿ, ಅಲ್ಲಿ ಗುಳಿಮಾವನ್ನೇ ನೆಟ್ಟೆ. ಹತ್ತಿರದ ಮರದ ಹಣ್ಣು ಉದುರಿದ ವಾರದಲ್ಲೇ ಬಿತ್ತಿ ಎಬ್ಬಿಸಿದ ಮೂರು ಸಸಿಗಳು. ಅವು ದೊಡ್ಡದಾಗುವವರೆಗೆ ಬಂಡೆಯ ನೆತ್ತಿಯಿಂದ ಪಡುವಣಕ್ಕೆ ಅಡಕೆದಬ್ಬೆಯ ಚಪ್ಪರ ಹಾಕಿ ಅಡಿಕೆ ಸೋಗೆ ಹೊದಿಸುವುದು ಎಂದಾಯಿತು.

ನೀರಿಗೆ ಹಳ್ಳದ ಮೇಲ್ಭಾಗದಿಂದ ಅರ್ಧ ಇಂಚಿನ ಪೈಪನ್ನು ಇಳಿಜಾರಿನಲ್ಲಿ ತಂದು, ಬಂಡೆಯ ನೆತ್ತಿಯ ಸೀಳಿನಲ್ಲಿ ತೊಟ್ಟಿಕ್ಕುವಂತೆ ಮಾಡಿದೆ. ಸಿಂಪಡಿಸುವುದಕ್ಕಿಂತ ಇದು ಮೇಲು. ನೀರು ಸೀಳಿನೊಳಗಿಂದ ಇಳಿದು ಕಲ್ಲನ್ನು ತಂಪು ಮಾಡುತ್ತದೆ, ಗರಿಯನ್ನು ಸದಾ ತೋಯಿಸುವುದಿಲ್ಲ. ಬಂಡೆಯ ಕಡೆಗಿನ ಮೂರು ಸಾಲು ಅಡಿಕೆಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ, ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದೆ. ಕೊಟ್ಟೆ ಕಟ್ಟುವ ಕೂಲಿ ಹೆಚ್ಚು, ಆದರೆ ಕೊಳೆ ಅಷ್ಟೇನೂ ತಾಗಲಿಲ್ಲ. ಹಾವಸೆಯನ್ನು ನಾನು ತಂದು ಹಚ್ಚಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬುಡದಿಂದ ಮೇಲಕ್ಕೆ ಅದು ತಾನೇ ಹತ್ತಿತು. ಅದು ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿಯವರೆಗೆ ಮಾತ್ರ ಜರಿ ಕೂರಿಸಬೇಕೆಂಬ ನಿಯಮ ಇಟ್ಟುಕೊಂಡೆ.

ಮೂರನೆಯ ಮತ್ತು ನಾಲ್ಕನೆಯ ವರ್ಷದ ಆರಿದ್ರಾ ಮಳೆಯಲ್ಲಿ ಒಟ್ಟು ಇಪ್ಪತ್ತೆರಡು ಗಿಡಗಳನ್ನು ಬಂಡೆಯ ಸೀಳುಗಳಿಗೆ ಸೇರಿಸಿದೆ. ಮೂರನ್ನು ಬಿಟ್ಟು ಉಳಿದ ಪ್ರತಿಯೊಂದನ್ನೂ ಅದು ಬೇರು ಕಚ್ಚಿದ್ದ ಜಂಬಿಟ್ಟಿಗೆ ಚೂರಿನ ಸಮೇತ ಸೀಳಿಗೆ ಒತ್ತಿ, ಸುತ್ತ ಹಾವಸೆ ತುರುಕಿ, ಎರಡು ಸುತ್ತು ಬಾಳೆನಾರು ಬಿಗಿದೆ. ಚೂರಿನಿಂದ ಬೇರು ಬಿಡಿಸಿ ನೆಟ್ಟ ಆ ಮೂರು ಗಿಡಗಳು ಆಶ್ಲೇಷಾ ಮಳೆಯ ರಭಸಕ್ಕೆ ಕೊಚ್ಚಿಹೋದವು. ಚೂರಿನೊಂದಿಗೆ ಕೂರಿಸಿದವುಗಳಲ್ಲಿ ಒಂದೂ ಹೋಗಲಿಲ್ಲ. ಬೀಜಾಣುವಿನ ಗಿಡಗಳನ್ನು ಮೇಲಿನ ಸೀಳುಗಳಲ್ಲೂ ಮರಿಮೊಗ್ಗಿನವನ್ನು ಕೆಳಗೂ ಕೂರಿಸಿ, ಯಾವುದು ಯಾವುದೆಂದು ಬರೆದಿಟ್ಟಿದ್ದೇನೆ. ಈವರೆಗೆ ಬೆಳವಣಿಗೆಯಲ್ಲಿ ಹೇಳುವಂಥ ವ್ಯತ್ಯಾಸ ಕಂಡಿಲ್ಲ, ಒಂದನ್ನು ಬಿಟ್ಟು: ಮರಿಮೊಗ್ಗಿನ ಗಿಡಗಳು ಎರಡನೆಯ ವರ್ಷಕ್ಕೇ ಫಲಗರಿ ಎತ್ತಿದವು, ಬೀಜಾಣುವಿನವುಗಳಲ್ಲಿ ಮೊದಲ ಫಲಗರಿ ಕಂಡದ್ದು ಕಳೆದ ಡಿಸೆಂಬರ್‌ನಲ್ಲಿ.

ಐದನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಎಣಿಸಿದಾಗ, ಮೊದಲಿನ ಒಂಬತ್ತೂ ಸೇರಿ ಬಂಡೆಯ ಮೇಲೆ ಮೂವತ್ತಮೂರು ಗುಂಪುಗಳಿದ್ದವು. ಅವುಗಳಲ್ಲಿ ಐದು ನಾನು ಕೂರಿಸಿದವಲ್ಲ. ಬಾಗಿದ ಗರಿಯ ತುದಿ ಪಕ್ಕದ ಹಾವಸೆಯನ್ನು ಮುಟ್ಟಿ ಎದ್ದವು. ಆರು ಗಿಡಗಳನ್ನು ಬಾವಿಯಲ್ಲಿ ಬೀಜಕ್ಕೆಂದು ಇಟ್ಟುಕೊಂಡಿದ್ದೇನೆ, ಒಂದು ಡಬ್ಬಿ ಹೊಸ ಬಿತ್ತನೆ ಕಿಟಕಿಯಲ್ಲಿದೆ. ಗುಳಿಮಾವಿನ ಸಸಿಗಳಲ್ಲಿ ಒಂದನ್ನು ಕಾಡುಕೋಣ ಮುರಿಯಿತು, ಉಳಿದೆರಡು ಎದೆಯೆತ್ತರ ಬಂದಿವೆ. ಅವುಗಳ ನೆರಳು ಬಂಡೆಯ ನೆತ್ತಿಯನ್ನು ಮುಟ್ಟಲು ಇನ್ನೂ ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಚಪ್ಪರದ ದಬ್ಬೆ ಬಿಗಿಮಾಡಿ, ಶಿವರಾತ್ರಿಯೊಳಗೆ ಹೊಸ ಸೋಗೆ ಹೊದಿಸಬೇಕು. ಈ ವರ್ಷದ ಸೋಗೆಯನ್ನು ಆರಿಸಿ ಕಟ್ಟಿ ಹಳ್ಳದ ದಂಡೆಗೆ ಸಾಗಿಸಿ ಆಗಿದೆ.